ಹಳೆ ಪಿಕಪ್ ನಡುದಾರಿಯಲ್ಲಿ ಬಂದ್ ಬೀಳುತ್ತಿದ್ದರೆ: ಲೆವೆಲ್ ಪೈಪ್, ಬಲ್ಬ್, ಮೀಟರ್, ಸ್ಕ್ಯಾನರ್ – ಯಾವುದಕ್ಕೆ ದುಡ್ಡು ಹಾಕಬೇಕು?

ಇಂಡಿಯ ನಿಂಬೆ, ತಿಕೋಟಾ ಕಡೆಯ ದ್ರಾಕ್ಷಿ, ಬಾಗಲಕೋಟೆಯ ಉಳ್ಳಾಗಡ್ಡಿ ಹೊತ್ತು ತಿರುಗುವ ಗಾಡಿಗಳಲ್ಲಿ ಹಳೆಯ ಟಾಟಾ 207 ಡಿಐ, ಬೊಲೆರೊ ಪಿಕಪ್ ಡಿಐ ಇನ್ನೂ ಸಾಕಷ್ಟಿವೆ. ಎಂಜಿನ್ ಗಟ್ಟಿ, ಬಿಡಿಭಾಗ ತಾಲೂಕಿನಲ್ಲೇ ಸಿಗುತ್ತವೆ, ಯಾವ ಮಿಸ್ತ್ರಿಯಾದರೂ ಕೈ ಹಾಕಬಲ್ಲ. ಆದರೆ ವಯಸ್ಸಾದ ಗಾಡಿಗೆ ಒಂದು ಕೆಟ್ಟ ರೋಗ ಅಂಟಿಕೊಳ್ಳುತ್ತದೆ: ಓಡುತ್ತಿರುವಾಗಲೇ ಬಂದ್ ಬೀಳುವುದು, ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದಂತೆ ಚಾಲೂ ಆಗುವುದು. ಗ್ಯಾರೇಜಿನ ಮುಂದೆ ತಾಸುಗಟ್ಟಲೆ ನಿಲ್ಲಿಸಿ ಓಡಿಸಿದರೂ ಬೀಳುವುದಿಲ್ಲ. ದೋಷ ಕಣ್ಣಿಗೆ ಕಾಣದಿದ್ದಾಗ ಬರುವ ಮಾತು ಒಂದೇ: "ಪಂಪ್ ಇಳಸಬೇಕಾಗತೈತ್ರೀ." ಇಂಜೆಕ್ಟರುಗಳಿಗೆ ಡೀಸೆಲ್ ಒತ್ತುವ ದೊಡ್ಡ ಪಂಪ್ ಲ್ಯಾಬಿಗೆ ಹೋಗಿ ಬಂದು, ಸಾವಿರಾರು ರೂಪಾಯಿ ಕೈಬಿಟ್ಟ ಮೇಲೂ ಎಷ್ಟೋ ಗಾಡಿಗಳು ಮತ್ತೆ ದಾರಿಯಲ್ಲೇ ನಿಲ್ಲುತ್ತವೆ. ಯಾಕೆಂದರೆ ದೋಷ ಇದ್ದದ್ದು ಪಂಪಿನಲ್ಲಲ್ಲ, ಟಾಕಿಯ ಪಕ್ಕದ ಒಂದು ಗೇಣು ರಬ್ಬರ್ ಪೈಪಿನಲ್ಲಿ.

ಈ ರೋಗ ಪತ್ತೆ ಮಾಡಲು ಪೇಟೆಯಲ್ಲಿ ಸಿಗುವ ಅಗ್ಗದ ಸಾಮಾನು ನಾಲ್ಕು. ಹಾರ್ಡ್‌ವೇರ್ ಅಂಗಡಿಯ ಲೆವೆಲ್ ಪೈಪ್, 12 ವೋಲ್ಟಿನ ಸಾದಾ ಬಲ್ಬ್, ಡಿಜಿಟಲ್ ಮಲ್ಟಿಮೀಟರ್, ಮತ್ತು ಮೊಬೈಲಿಗೆ ಜೋಡಿಸಿ ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಇಎಲ್‌ಎಂ327 ಸ್ಕ್ಯಾನರ್. ಹೆಚ್ಚು ಪ್ರಚಾರ ಇರುವುದು ಕೊನೆಯದಕ್ಕೆ. ಮೆಕ್ಯಾನಿಕಲ್ ಪಂಪಿನ ಹಳೆ ಪಿಕಪ್‌ಗೆ ಅತ್ಯಂತ ಉಪಯೋಗ ಮೊದಲನೆಯದು, ಅತಿ ನಿರುಪಯೋಗಿ ಕೊನೆಯದು. ಗಾಡಿ ಸಿಆರ್‌ಡಿಇ (ಕಂಪ್ಯೂಟರ್ ಹಿಡಿತದಲ್ಲಿ, ಒಂದೇ ರೈಲ್ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್) ಆಗಿದ್ದರೆ ಮಾತ್ರ ಈ ಲೆಕ್ಕ ತಿರುಗುತ್ತದೆ.

ಏನನ್ನೂ ಕೊಳ್ಳುವ ಮೊದಲು ಪುಕ್ಕಟೆಯ ಪರೀಕ್ಷೆ ಒಂದಿದೆ. ಗಾಡಿ ಬಂದ್ ಬಿದ್ದ ಆ ಕ್ಷಣ, ಕೀಲಿ ಮುಟ್ಟದೆ, ಡ್ಯಾಶ್‌ಬೋರ್ಡ್ ನೋಡಿ. ಬ್ಯಾಟರಿ ಮತ್ತು ಆಯಿಲ್ ಲೈಟ್ ಕೆಂಪಗೆ ಹತ್ತಿಕೊಂಡರೆ ಕೀಲಿಯಿಂದ ಕರೆಂಟ್ ಬರುತ್ತಿದೆ ಎಂದರ್ಥ. ಸಂಶಯ ಡೀಸೆಲ್ ಕಡೆಗೆ ಹೋಗಬೇಕು. ಡ್ಯಾಶ್‌ಬೋರ್ಡೇ ಪೂರ್ತಿ ಸತ್ತಿದ್ದರೆ ಕೀಲಿ ಸ್ವಿಚ್, ಫ್ಯೂಸ್ ಅಥವಾ ಬ್ಯಾಟರಿ ತುದಿ ಸಡಿಲಾಗಿದೆ. ಬೀಳುವ ರೀತಿಯನ್ನೂ ಗಮನಿಸಿ. ಕೀಲಿ ತಿರುಗಿಸಿ ಬಂದ್ ಮಾಡಿದಂತೆ ಗಕ್ಕನೆ ನಿಂತರೆ ಹೆಚ್ಚಾಗಿ ಕರೆಂಟಿನ ದೋಷ. ಎಂಜಿನ್ ಶಕ್ತಿ ಇಳಿದು, ಜರ್ಕ್ ಹೊಡೆದು, ಆಕ್ಸಿಲರೇಟರ್ ಒತ್ತಿದರೂ ಮೇಲೇಳದೆ ನಿಂತರೆ ಡೀಸೆಲ್ ಸಾಲುತ್ತಿಲ್ಲ. ಡ್ರೈವರ್ ಈ ಎರಡು ಮಾತು ಸರಿಯಾಗಿ ಹೇಳಿದರೆ ಮಿಸ್ತ್ರಿಯ ಅರ್ಧ ಕೆಲಸ ಮುಗಿದಂತೆ.

ಲೆವೆಲ್ ಪೈಪ್

ಗೌಂಡಿಗಳು ಗೋಡೆಯ ಮಟ್ಟ ನೋಡಲು ನೀರು ತುಂಬಿ ಹಿಡಿಯುವ ಪಾರದರ್ಶಕ ಪಿವಿಸಿ ಪೈಪ್ ಇದು. ಅಡಿ ಲೆಕ್ಕದಲ್ಲಿ ಮಾರುತ್ತಾರೆ, ಎರಡು ಅಡಿ ಸಾಕು. ಡೀಸೆಲ್ ಲೈನಿಗೆ ಸಾಮಾನ್ಯವಾಗಿ ಒಳ ವ್ಯಾಸ 8 ಮಿಲಿಮೀಟರ್‌ನದು ಹೊಂದುತ್ತದೆ. ಆದರೂ ಹಳೆ ರಬ್ಬರ್ ಪೈಪಿನ ತುಂಡು ಒಯ್ದು ತಾಳೆ ನೋಡಿಯೇ ತನ್ನಿ. ಜೊತೆಗೆ ಸ್ಕ್ರೂ ಇರುವ ಎರಡು ಹೋಸ್ ಕ್ಲಿಪ್ ಬೇಕು. ತಂತಿ ಸುತ್ತಿ ಬಿಗಿದರೆ ಪರೀಕ್ಷೆಯ ಪೈಪೇ ಗಾಳಿ ಎಳೆದು, ಇಲ್ಲದ ರೋಗ ತೋರಿಸುತ್ತದೆ.

ಇದರ ಕೆಲಸ ಇಷ್ಟೇ: ಡೀಸೆಲ್ ಜೊತೆ ಗಾಳಿ ಬರುತ್ತಿದೆಯೇ ಎಂದು ಕಣ್ಣಿಗೆ ತೋರಿಸುವುದು. ಟಾಕಿಯಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕಳಿಸುವ ಸಣ್ಣ ಪಂಪೇ ಫೀಡ್ ಪಂಪ್; ಟಾಕಿಯಿಂದ ಅದರವರೆಗಿನ ಲೈನ್ ಎಳೆಯುವ ಲೈನ್. ಅಲ್ಲಿ ಪೈಪ್ ಸೀಳಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಹಾಗಾಗಿ ಕೆಳಗೆ ಒಂದು ಹನಿಯೂ ಬಿದ್ದಿರುವುದಿಲ್ಲ. "ಎಲ್ಲೂ ಸೋರಿಲ್ಲ, ಪೈಪ್ ಸರಿ ಅದಾವು" ಎಂಬ ತೀರ್ಮಾನ ತಪ್ಪುವುದು ಇಲ್ಲೇ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ವರ್ಷಾನುಗಟ್ಟಲೆ ಕಾದ ರಬ್ಬರ್ ಮೇಲಿಂದ ಚೆನ್ನಾಗಿಯೇ ಕಾಣುತ್ತದೆ. ಕ್ಲಿಪ್ ಸಡಿಲಿಸಿ ಬೆರಳಲ್ಲಿ ಬಗ್ಗಿಸಿದಾಗ ಕ್ಲಿಪ್ಪಿನ ಅಂಚಿನ ಕೆಳಗೆ ಕೂದಲೆಳೆಯ ಸೀಳು ಬಾಯಿ ಬಿಡುತ್ತದೆ.

ಪೈಪ್ ಕೂಡಿಸುವ ಜಾಗ ಮುಖ್ಯ. ಮೊದಲು ಫೀಡ್ ಪಂಪಿಗೆ ಡೀಸೆಲ್ ಬರುವ ತುದಿಯಲ್ಲಿ ಹಾಕಿ. ರೋಟರಿ ಪಂಪಿನ (ದೊಡ್ಡ ಪಂಪಿನ ಒಂದು ಬಗೆ) ಕೆಲವು ಗಾಡಿಗಳಲ್ಲಿ ಬೇರೆ ಫೀಡ್ ಪಂಪ್ ಇರುವುದಿಲ್ಲ. ಪಂಪೇ ಟಾಕಿಯಿಂದ ಎಳೆದುಕೊಳ್ಳುತ್ತದೆ. ಅಂಥದರಲ್ಲಿ ಫಿಲ್ಟರ್ ಮತ್ತು ಪಂಪಿನ ನಡುವೆ ಹಾಕಬೇಕು, ಯಾಕೆಂದರೆ ಫಿಲ್ಟರ್ ಕೂಡ ಎಳೆಯುವ ಲೈನಿನಲ್ಲೇ ಇದೆ. ಬ್ಯಾಂಜೊ ಬೋಲ್ಟಿನ (ಒಳಗಿನ ತೂತಿನಿಂದ ಡೀಸೆಲ್ ಹಾಯುವ ಬೋಲ್ಟ್) ತುದಿಗೆ ಕೈ ಹಾಕಬೇಡಿ. ರಬ್ಬರ್ ಪೈಪ್ ಲೋಹದ ನಳಿಕೆಗೆ ಕೂಡುವ ಕಡೆ ಬಿಚ್ಚಿ. ಲೆವೆಲ್ ಪೈಪಿನ ತುದಿಯನ್ನು ಬಿಸಿನೀರಲ್ಲಿ ಅದ್ದಿದರೆ ಸಲೀಸಾಗಿ ಏರುತ್ತದೆ. ಸೈಲೆನ್ಸರ್ ಪೈಪಿಗೂ ಫ್ಯಾನ್ ಬೆಲ್ಟಿಗೂ ತಾಗದಂತೆ ಕಟ್ಟಿ. ಆಮೇಲೆ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪ್) ಒತ್ತುತ್ತಾ, ಫಿಲ್ಟರ್ ತಲೆಯ ಏರ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಏರ್ ತೆಗೆಯಿರಿ. ಕೂಡಿಸಿದ ಮೊದಲ ಐದು ನಿಮಿಷ ಬರುವ ಗುಳ್ಳೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ನೀವೇ ಸೇರಿಸಿದವು.

ಈಗ ಓದುವ ಬಗೆ. ಎಂಜಿನ್ ರೇಸ್ ಮಾಡಿದಾಗ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದೆರಡು ಹೋದರೆ ಚಿಂತೆ ಬೇಡ. ಗುಳ್ಳೆಗಳ ಸಾಲು ಬಿಡದೆ ಬಂದರೆ, ಅಥವಾ ಬೆರಳುದ್ದದ ಗಾಳಿ ತುಂಡು ಡೀಸೆಲ್ ನಡುವೆ ಸರಿದು ಹೋದರೆ, ಬಂದ್ ಬೀಳುವುದು ಇದರಿಂದಲೇ. ಪೈಪನ್ನು ಒಂದೊಂದು ಜೋಡಣೆ ಹಿಂದಕ್ಕೆ, ಟಾಕಿ ಕಡೆಗೆ ಸರಿಸುತ್ತಾ ಹೋಗಿ. ಎಲ್ಲಿ ಗುಳ್ಳೆ ನಿಲ್ಲುತ್ತದೆಯೋ, ಆ ಜಾಗಕ್ಕೂ ಅದಕ್ಕೆ ಮೊದಲು ಪೈಪ್ ಹಾಕಿ ಗುಳ್ಳೆ ಕಂಡ ಜಾಗಕ್ಕೂ ನಡುವೆ ದೋಷ ಇದೆ. ಫೀಡ್ ಪಂಪಿನ ಮೊದಲು ಗುಳ್ಳೆ ಇಲ್ಲ, ನಂತರ ಇದೆ ಎಂದಾದರೆ ಹ್ಯಾಂಡ್ ಪ್ರೈಮರ್ ಗಾಳಿ ಎಳೆಯುತ್ತಿದೆ; ಪ್ರೈಮರ್ ಬದಲಿಸಿದರೆ ಸಾಕು, ದೊಡ್ಡ ಪಂಪ್ ಮುಟ್ಟಬೇಕಿಲ್ಲ. ರಾತ್ರಿ ಪೈಪ್ ಹಾಗೇ ಬಿಟ್ಟು ಮುಂಜಾನೆ ಸೆಲ್ಫ್ ಹೊಡೆಯುವ ಮೊದಲು ನೋಡುವುದನ್ನು ತಪ್ಪಿಸಬೇಡಿ. ಪೈಪಿನಲ್ಲಿ ಡೀಸೆಲ್ ಇಳಿದು ಖಾಲಿ ಜಾಗ ಕಂಡರೆ, ನಿಂತಾಗಲೂ ಗಾಳಿ ಸೇರಿ ಡೀಸೆಲ್ ಟಾಕಿಗೆ ವಾಪಸ್ ಹೋಗುತ್ತಿದೆ. ಮುಂಜಾನೆ ಸೆಲ್ಫ್ ಬಹಳ ಹೊತ್ತು ಹೊಡೆಯಬೇಕಾಗುವ ಗಾಡಿಗೂ, ಘಾಟಿನಲ್ಲಿ ಬಂದ್ ಬೀಳುವ ಗಾಡಿಗೂ ಹಲವು ಸಲ ಕಾರಣ ಇದೊಂದೇ.

ಗುಳ್ಳೆ ಇಲ್ಲದೆಯೂ ಈ ಪೈಪ್ ಇನ್ನೊಂದು ಸುದ್ದಿ ಹೇಳುತ್ತದೆ. ಎಂಜಿನ್ ಬಿಸಿಯಾಗಿ ಪೈಪ್ ಮೆತ್ತಗಾದ ಮೇಲೆ, ರೇಸ್ ಮಾಡಿದಾಗ ಅದರ ಗೋಡೆ ಒಳಕ್ಕೆ ಕುಗ್ಗಿ ಚಪ್ಪಟೆಯಾದರೆ ಹಿಂದೆ ಎಲ್ಲೋ ಕಟ್ಟಿಕೊಂಡಿದೆ. ಮೊದಲು ಟಾಕಿಯ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡು, ಪೈಪ್ ಮತ್ತೆ ದುಂಡಗಾದರೆ ಟಾಕಿಯ ಗಾಳಿ ರಂಧ್ರ ಮುಚ್ಚಿದೆ. ಎರೆಮಣ್ಣಿನ ದೂಳು, ಅದರ ಮೇಲೆ ಡೀಸೆಲ್ ಜಿಡ್ಡು ಸೇರಿ ಈ ರಂಧ್ರಕ್ಕೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ಸೂಜಿ ಹಾಕಿ ಬಿಡಿಸಿದರೆ ಖರ್ಚು ಸೊನ್ನೆ. ಮುಚ್ಚಳ ತೆಗೆದರೂ ಬದಲಾಗದಿದ್ದರೆ ಟಾಕಿಯೊಳಗಿನ ಜಾಳಿಗೆ. ಅರ್ಧ ತಾಸು ಚೆನ್ನಾಗಿ ಓಡಿ, ಎಂಜಿನ್ ಶಕ್ತಿ ಇಳಿದು ಬಂದ್ ಬಿದ್ದು, ಹತ್ತು ನಿಮಿಷ ನಿಂತರೆ ತಾನೇ ಸರಿಹೋಗುವ ಗಾಡಿಯ ಗುಟ್ಟು ಇದು. ಓಡುವಾಗ ಟಾಕಿಯ ತಳದ ಕಚರಾ ಎಳೆತಕ್ಕೆ ಜಾಳಿಗೆಗೆ ಬಂದು ಅಂಟುತ್ತದೆ, ಎಂಜಿನ್ ನಿಂತಾಗ ಕಳಚಿ ಬೀಳುತ್ತದೆ. ಹೊಲದಲ್ಲಿ ಕ್ಯಾನಿನಿಂದ ಸೋಸದೆ ಡೀಸೆಲ್ ಹಾಕಿಸಿಕೊಳ್ಳುವ ಕಬ್ಬಿನ ಸೀಸನ್ನಿನ ಗಾಡಿಗಳಿಗೆ ಇದು ಸಹಜ. ಮದ್ದು: ಟಾಕಿ ಇಳಿಸಿ ತೊಳೆಯುವುದು. ಬರೀ ಫಿಲ್ಟರ್ ಬದಲಿಸಿದರೆ ಹೊಸ ಫಿಲ್ಟರೂ ಬೇಗ ಕಟ್ಟಿಕೊಳ್ಳುತ್ತದೆ.

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳಬೇಕು. ಲೆವೆಲ್ ಪೈಪ್ ಡೀಸೆಲ್‌ಗಾಗಿ ಮಾಡಿದ್ದಲ್ಲ. ಕೆಲವೇ ದಿನಗಳಲ್ಲಿ ಹಳದಿಯಾಗಿ, ಗಡುಸಾಗಿ, ಕ್ಲಿಪ್ಪಿನ ಬಳಿ ಕುಗ್ಗಿ ತಾನೇ ಗಾಳಿ ಎಳೆಯತೊಡಗುತ್ತದೆ. ಪರೀಕ್ಷೆ ಮುಗಿದ ಕೂಡಲೇ ತೆಗೆದು ಡೀಸೆಲ್‌ಗೆಂದೇ ಮಾಡಿದ ರಬ್ಬರ್ ಹೋಸ್ ಹಾಕಿ. ಗ್ಯಾರೇಜಿನವರು ಮೇಲಿಂದ ಮೇಲೆ ಬಳಸುವುದಾದರೆ ಪಿಯು (ಪಾಲಿಯುರೆಥೇನ್) ಪೈಪ್ ಒಳ್ಳೆಯದು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಮಷೀನುಗಳ ಏರ್ ಲೈನಿಗೆ ಬಳಸುವ ಪೈಪೇ ಅದು. ಆದರೆ ಪಿಯು ಪೈಪನ್ನು ಹೊರ ವ್ಯಾಸದ ಲೆಕ್ಕದಲ್ಲಿ ಮಾರುತ್ತಾರೆ. "8 ಮಿಲಿಮೀಟರ್ ಕೊಡ್ರಿ" ಎಂದರೆ ಒಳಗೆ 5 ಮಿಲಿಮೀಟರ್ ಇರುವುದು ಕೈಗೆ ಬರುತ್ತದೆ, ಅದರಿಂದಲೇ ಡೀಸೆಲ್ ಸಾಲದೆ ಗಾಡಿ ನಿಲ್ಲುತ್ತದೆ. 12 ಹೊರಗೆ, 8 ಒಳಗೆ ಇರುವುದನ್ನು ಕೇಳಿ. ಗೋಡೆ ಗಟ್ಟಿ ಇರುವುದರಿಂದ ಅದು ಚಪ್ಪಟೆಯಾಗುವುದಿಲ್ಲ. ಕಟ್ಟಿಕೊಂಡದ್ದನ್ನು ತೋರಿಸುವ ವಿಷಯದಲ್ಲಿ ಅಗ್ಗದ ಲೆವೆಲ್ ಪೈಪೇ ಮೇಲು.

ಪೈಪಿನ ಜೊತೆಗೆ ಐದು ಲೀಟರಿನ ಒಂದು ಸ್ವಚ್ಛ ಕ್ಯಾನ್ ಇಟ್ಟುಕೊಂಡರೆ ಟಾಕಿಯ ಮೇಲಿನ ಸಂಶಯ ಒಂದೇ ಓಟದಲ್ಲಿ ತೀರುತ್ತದೆ. ಕ್ಯಾನಿಗೆ ಡೀಸೆಲ್ ತುಂಬಿ, ಕ್ಯಾಬಿನ್ನಿನ ಹೊರಗೆ, ಪಂಪಿಗಿಂತ ಎತ್ತರದಲ್ಲಿ ಅಲುಗದಂತೆ ಕಟ್ಟಿ, ಫೀಡ್ ಪಂಪಿಗೆ ಅಲ್ಲಿಂದಲೇ ಲೈನ್ ಕೊಡಿ. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಬೇಕು. ಅದನ್ನು ಮರೆತರೆ ಕ್ಯಾನಿನ ಡೀಸೆಲ್ ಟಾಕಿಗೆ ಹೋಗಿ, ಸ್ವಲ್ಪ ದೂರದಲ್ಲೇ ಗಾಡಿ ನಿಂತು, ಪರೀಕ್ಷೆಯ ಫಲವೇ ತಪ್ಪಾಗುತ್ತದೆ. ಗಾಡಿ ಸಾಮಾನ್ಯವಾಗಿ ಎಲ್ಲಿ ಬೀಳುತ್ತದೋ ಅದೇ ದಾರಿಯಲ್ಲಿ, ಅದೇ ಲೋಡಿನಲ್ಲಿ ಓಡಿಸಿ. ವಿಜಯಪುರ-ಸೊಲ್ಲಾಪುರದ ಸಪಾಟು ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ "ಸರಿ ಐತಿ" ಎನ್ನುವುದಕ್ಕೂ, ಲೋಡ್ ಹಾಕಿ ವಂಟಮುರಿ ಘಾಟ್ ಹತ್ತಿಸುವುದಕ್ಕೂ ವ್ಯತ್ಯಾಸವಿದೆ. ಕ್ಯಾನಿನ ಮೇಲೆ ಬೀಳದೆ ಓಡಿದರೆ ದೋಷ ಟಾಕಿ, ಜಾಳಿಗೆ, ಹಿಂದಿನ ಲೈನಿನದು. ಕ್ಯಾನಿನ ಮೇಲೂ ಬಿದ್ದರೆ ಮುಂದೆ ಫಿಲ್ಟರ್, ಫೀಡ್ ಪಂಪ್, ಇಲ್ಲವೇ ಕರೆಂಟ್.

ಬಲ್ಬ್

ರೋಟರಿ ಪಂಪಿನ ಮೇಲೆ ಒಂದು ಸ್ಟಾಪ್ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇರುತ್ತದೆ. ಕೀಲಿ ಆನ್ ಇರುವಷ್ಟು ಹೊತ್ತು ಅದಕ್ಕೆ 12 ವೋಲ್ಟ್ ಸಿಗಬೇಕು. ಸಪ್ಲೈ ಕಡಿದರೆ ಡೀಸೆಲ್ ದಾರಿ ಮುಚ್ಚಿ ಎಂಜಿನ್ ನಿಲ್ಲುತ್ತದೆ. ಸವೆದ ಕೀಲಿ ಸ್ವಿಚ್, ಸಡಿಲ ಫ್ಯೂಸ್, ಇನ್ಸುಲೇಶನ್ ಹೋಗಿ ಎಂಜಿನ್ನಿಗೆ ತಾಗುವ ವೈರ್, ಜಂಗು ಹಿಡಿದ ಕನೆಕ್ಟರ್, ಯಾವುದಾದರೂ ಕ್ಷಣಕಾಲ ಕೈಕೊಟ್ಟರೆ ಸಾಕು. ಕೀಲಿಗೆ ಮನೆ, ಗೋಡೌನು, ಪೆಟ್ಟಿಗೆ ಎಲ್ಲದರ ಕೀಲಿಗೊಂಚಲು ಕಟ್ಟಿ ತೂಗಾಡಿಸುವವರು ಮೊದಲು ಅದನ್ನು ಬಿಚ್ಚಿ ನೋಡಿ. ಎಳೆದು ಬಂದ್ ಮಾಡುವ ಸ್ಟಾಪ್ ಕೇಬಲ್ ಇರುವ ಗಾಡಿಗೆ ಈ ಪರೀಕ್ಷೆ ಬೇಕಿಲ್ಲ. ಅದರಲ್ಲಿ ಕೇಬಲ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ ನೋಡಿ.

ಪಾರ್ಕಿಂಗ್ ಲೈಟಿನ 12 ವೋಲ್ಟ್ 5 ವ್ಯಾಟ್ ಬಲ್ಬ್ ಒಂದು ಹೋಲ್ಡರ್ ಸಮೇತ ತನ್ನಿ. ಸೊಲೆನಾಯ್ಡ್ ತುದಿಯಿಂದ ಒಂದು ವೈರ್, ನಡುವೆ 2 ಆಂಪಿಯರ್ ಫ್ಯೂಸ್, ಕ್ಯಾಬಿನ್ನಿನೊಳಗೆ ಬಲ್ಬ್, ಇನ್ನೊಂದು ತುದಿ ಗಾಡಿಯ ಬಾಡಿಯ ಲೋಹಕ್ಕೆ. ಸೈಲೆನ್ಸರ್ ಕಡೆ ವೈರ್ ಹಾಯಿಸಬೇಡಿ. ಓಡಿಸುವಾಗ ಕಣ್ಣಂಚಿಗೆ ಕಾಣುವಂತಿರಲಿ; ಜೊತೆಗೆ ಒಬ್ಬರು ಕೂತು ನೋಡಿದರೆ ಇನ್ನೂ ಒಳ್ಳೆಯದು. ಬಂದ್ ಬಿದ್ದ ಗಳಿಗೆಯಲ್ಲಿ ಬಲ್ಬ್ ಆರಿದರೆ ಅಥವಾ ಮಬ್ಬಾದರೆ ಸಪ್ಲೈ ದೋಷ. ಉರಿಯುತ್ತಲೇ ಇದ್ದರೆ ಡೀಸೆಲ್ ದೋಷ, ಅಪರೂಪಕ್ಕೆ ಬಿಸಿಯಾದಾಗ ಕೈಕೊಡುವ ಸೊಲೆನಾಯ್ಡ್. ಸೊಲೆನಾಯ್ಡ್‌ನದೇ ಎಂದು ಖಾತ್ರಿ ಮಾಡಲು, ನಿಂತ ಕೂಡಲೇ ಅದರ ವೈರ್ ತೆಗೆದು ಮುಟ್ಟಿಸಿ. ಟಕ್ ಸದ್ದು ಬರಬೇಕು.

ಎಲ್‌ಇಡಿ ಬೇಡ. ವೋಲ್ಟೇಜ್ ಅರ್ಧಕ್ಕಿಳಿದರೂ ಅದು ಉರಿಯುತ್ತಲೇ ಇರುತ್ತದೆ. ತಂತಿಯ ಬಲ್ಬ್ ಮಬ್ಬಾಗಿ ಸತ್ಯ ಹೇಳುತ್ತದೆ. ಈ ಕೆಲಸಕ್ಕೆ ಇಷ್ಟು ಅಗ್ಗದಲ್ಲಿ ಇಷ್ಟು ನಂಬಿಗಸ್ತ ಸಾಮಾನು ಬೇರೊಂದಿಲ್ಲ.

ರಸ್ತೆಯ ಮೇಲಿನ ಈ ಎಲ್ಲ ಪರೀಕ್ಷೆಗಳಲ್ಲಿ ಒಂದು ಎಚ್ಚರ ಬೇಕೇ ಬೇಕು. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು-ಮೂರು ಸಲ ಬ್ರೇಕ್ ಒತ್ತುವಷ್ಟು ಮಾತ್ರ. ಒತ್ತಿ ಬಿಟ್ಟು ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಗೇರಿನಲ್ಲೇ ಇರಲಿ, ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ. ಸ್ಟೀರಿಂಗ್ ಲಾಕ್ ಬೀಳುತ್ತದೆ.

ಮಲ್ಟಿಮೀಟರ್

ಇದ್ದರೆ ಒಳ್ಳೆಯದು, ಆದರೆ ಬಲ್ಬಿನ ನಂತರ. ಅಗ್ಗದ ಮೀಟರಿನ ಅಂಕಿ ನಿಧಾನಕ್ಕೆ ಬದಲಾಗುತ್ತದೆ. ಕ್ಷಣಮಾತ್ರ ಕಡಿಯುವ ಸಪ್ಲೈ ಅದರ ಕಣ್ಣಿಗೆ ಬೀಳುವುದಿಲ್ಲ. ಕೊಳ್ಳುವುದಾದರೆ ಮಿನ್-ಮ್ಯಾಕ್ಸ್ (ಕನಿಷ್ಠ-ಗರಿಷ್ಠ ಅಂಕಿ ನೆನಪಿಡುವ) ಬಟನ್ ಇರುವುದನ್ನೇ ಕೊಳ್ಳಿ. ಬಲ್ಬ್ "ಸಪ್ಲೈ ದೋಷ" ಎಂದ ಮೇಲೆ ಜಾಗ ಹುಡುಕಲು ಮೀಟರ್ ಬೇಕು: ಡಿಸಿ 20 ವೋಲ್ಟಿಗೆ ಇಟ್ಟು, ಕೀಲಿ ಆನ್ ಮಾಡಿ, ಕೆಂಪು ತುದಿ ಬ್ಯಾಟರಿ ಪ್ಲಸ್ಸಿಗೆ, ಕಪ್ಪು ತುದಿ ಸೊಲೆನಾಯ್ಡಿಗೆ. 0.5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ. ಹಾಗೇ ಹಿಡಿದುಕೊಂಡು ಕೀಲಿ ಸ್ವಿಚ್, ಫ್ಯೂಸ್ ಬಾಕ್ಸ್, ಕನೆಕ್ಟರುಗಳನ್ನು ಒಂದೊಂದಾಗಿ ಅಲುಗಾಡಿಸಿ. ಅಂಕಿ ಜಿಗಿದ ಜಾಗವೇ ಅಪರಾಧಿ. ಎಂಜಿನ್ ಅರ್ಥಿಂಗ್ ಪಟ್ಟಿಯನ್ನೂ ಹೀಗೇ ನೋಡಬಹುದು: ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ಸಿಗೂ ಎಂಜಿನ್ ಬ್ಲಾಕಿಗೂ ನಡುವೆ 0.5 ವೋಲ್ಟಿನೊಳಗೆ ಇರಬೇಕು.

ಇಎಲ್‌ಎಂ327 ಸ್ಕ್ಯಾನರ್

ಮೆಕ್ಯಾನಿಕಲ್ ಪಂಪಿನ ಗಾಡಿಗೆ ಇದನ್ನು ಕೊಳ್ಳಬೇಡಿ. ಓದಲು ಅದರಲ್ಲಿ ಇಸಿಯುವೇ (ಎಂಜಿನ್ ಕಂಪ್ಯೂಟರ್) ಇಲ್ಲ. ಹೊಗೆ ನಿಯಂತ್ರಣದ ಬಿಎಸ್-4 ಮಾನದಂಡ ದೇಶವಿಡೀ ಕಡ್ಡಾಯವಾದದ್ದು 2017ರ ಏಪ್ರಿಲ್ 1ಕ್ಕೆ. ಅದಕ್ಕೆ ಮುಂಚಿನ ಕೆಎ-22, ಕೆಎ-28, ಕೆಎ-29 (ಬೆಳಗಾವಿ, ವಿಜಯಪುರ, ಬಾಗಲಕೋಟೆ) ನಂಬರಿನ ಪಿಕಪ್ ಬಿಎಸ್-3, ಅಂದರೆ ಮೆಕ್ಯಾನಿಕಲ್ ಪಂಪಿನದು, ಆಗಿರುವ ಸಂಭವ ಹೆಚ್ಚು. ಆದರೆ ಸೊಲ್ಲಾಪುರಕ್ಕೆ ಬಿಎಸ್-4 2010ರಲ್ಲೇ ಬಂದಿತ್ತು, ಹಾಗಾಗಿ ಎಂಎಚ್-13 ಸೆಕೆಂಡ್ ಹ್ಯಾಂಡ್ ಗಾಡಿ ತಂದವರು ಆರ್‌ಸಿ ನೋಡಿಕೊಳ್ಳಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದ್ದು, ಎಂಜಿನ್ ಮೇಲೆ ರೈಲ್ ಪೈಪ್ ಕಂಡರೆ ಸಿಆರ್‌ಡಿಇ. ಅದಕ್ಕೆ ಇದು ಉಪಯೋಗಿ.

ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವುದೆಲ್ಲ ನಕಲು ಚಿಪ್ಪಿನವು. ಅವುಗಳಲ್ಲೂ "2.1" ಎಂದು ಬರೆದವು ಹಲವು ಆದೇಶಗಳಿಗೆ ಉತ್ತರವನ್ನೇ ಕೊಡುವುದಿಲ್ಲ, "1.5" ಎಂದಿರುವುದು ಸಾಮಾನ್ಯವಾಗಿ ವಾಸಿ. ಐಫೋನ್ ಇರುವವರಿಗೆ ಸಾದಾ ಬ್ಲೂಟೂತಿನದು ಕೂಡುವುದಿಲ್ಲ, ವೈಫೈ ಇಲ್ಲವೇ ಬಿಎಲ್ಇ ಬ್ಲೂಟೂತಿನದು ಬೇಕು. ಸೆಲ್ಫ್ ಹೊಡೆದಾಗ ವೋಲ್ಟೇಜ್ ಇಳಿದು ಸಂಪರ್ಕ ಕಡಿಯುವುದು ಅಗ್ಗದವುಗಳ ದೊಡ್ಡ ಕೊರತೆ, ಯಾಕೆಂದರೆ ನಮಗೆ ಓದಬೇಕಾದದ್ದು ಆಗಲೇ. ಬ್ಯಾಟರಿ ಚೆನ್ನಾಗಿದ್ದರೆ ಮಾತ್ರ ಇದನ್ನು ನಂಬಿ. 2013ಕ್ಕಿಂತ ಹಿಂದಿನ ಕೆಲವು ಸಿಆರ್‌ಡಿಇ ಗಾಡಿಗಳು ಇದಕ್ಕೆ ಮಾತೇ ಆಡದಿರಬಹುದು; ಅವಕ್ಕೆ ಕಂಪನಿಯ ಸ್ಕ್ಯಾನರ್ ಇರುವ ಮಿಸ್ತ್ರಿ ಬೇಕು. ರಾತ್ರಿ ಸಾಕೆಟ್‌ನಲ್ಲೇ ಬಿಡಬೇಡಿ, ಬ್ಯಾಟರಿ ಇಳಿಯುತ್ತದೆ.

ಕೋಡ್ ಅಳಿಸುವ ಮೊದಲು ಬರೆದುಕೊಳ್ಳಿ. ಪಿ0335 ಅಥವಾ ಪಿ0336 ಬಂದರೆ ಕ್ರ್ಯಾಂಕ್ ಸೆನ್ಸರಿನ ಸಂಕೇತ ಕಡಿಯುತ್ತಿದೆ. ಪಿ0087 ಬಂದರೆ ರೈಲಿನಲ್ಲಿ ಒತ್ತಡ ಸಾಲುತ್ತಿಲ್ಲ. ಇದನ್ನು ನೋಡಿದ ಕೂಡಲೇ ದೊಡ್ಡ ಪಂಪ್ ಬದಲಿಸಲು ಹೊರಡುವವರಿದ್ದಾರೆ, ಅದು ಬೇಡ. ಕಟ್ಟಿದ ಫಿಲ್ಟರ್, ಟಾಕಿಯ ಜಾಳಿಗೆ, ಲೈನಿನ ಗಾಳಿ ಕೂಡ ಇದೇ ಕೋಡ್ ತರುತ್ತವೆ. ಸಿಆರ್‌ಡಿಇ ಗಾಡಿಯಲ್ಲೂ ಫಿಲ್ಟರಿಗೆ ಬರುವ ಕಡಿಮೆ ಒತ್ತಡದ ಲೈನಿಗೆ ಲೆವೆಲ್ ಪೈಪ್ ಹಾಕಿ ಮೊದಲು ಗಾಳಿ ನೋಡಿ. ಫಿಲ್ಟರಿನಿಂದ ಆಚೆ, ಪಂಪಿನಿಂದ ರೈಲಿಗೆ ಹೋಗುವ ಉಕ್ಕಿನ ಪೈಪಿನಲ್ಲಿ ನೂರಾರು ಬಾರ್ ಒತ್ತಡ ಇರುತ್ತದೆ. ಎಂಜಿನ್ ಓಡುವಾಗ ಅದರ ನಟ್ಟಿಗೆ ಪಾನಾ ಹಾಕಲೇಬಾರದು, ಸಿಡಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಬಿಸಿಯಾದಾಗ ಬಂದ್ ಬಿದ್ದು ತಣ್ಣಗಾದ ಮೇಲೆ ಚಾಲೂ ಆಗುವ ಸಿಆರ್‌ಡಿಇಗೆ ಈ ಸ್ಕ್ಯಾನರ್ ನಿಜವಾಗಿ ದುಡ್ಡು ತೀರಿಸುವ ಪರೀಕ್ಷೆ ಒಂದಿದೆ. ಗಾಡಿ ನಿಂತ ತಕ್ಷಣ, ತಣ್ಣಗಾಗಲು ಬಿಡದೆ, ಆ್ಯಪಿನಲ್ಲಿ ಆರ್‌ಪಿಎಂ ಮತ್ತು ರೈಲ್ ಪ್ರೆಶರ್ ಎರಡನ್ನೂ ತೆರೆದಿಟ್ಟು ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆಯೇ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರ್. ಆರ್‌ಪಿಎಂ ಬಂದು, ರೈಲ್ ಪ್ರೆಶರ್ 200 ಬಾರ್ ಆಸುಪಾಸಿಗೂ ಏರದಿದ್ದರೆ ಡೀಸೆಲ್ ಕಡೆ ತಿರುಗಿ. ಸೆನ್ಸರ್ ಎಂದಾದರೆ ಹೊಸದು ತರುವ ಮೊದಲು ಅದನ್ನು ಬಿಚ್ಚಿ ತುದಿ ನೋಡಿ: ಅಯಸ್ಕಾಂತಕ್ಕೆ ಕ್ಲಚ್ಚಿನ ಕಬ್ಬಿಣದ ಪುಡಿ ಮೆತ್ತಿರುತ್ತದೆ, ಕನೆಕ್ಟರಿನೊಳಗೆ ಆಯಿಲ್ ಇಳಿದಿರುತ್ತದೆ. ಎರಡನ್ನೂ ಒರೆಸಿ, ಪಿನ್ನುಗಳನ್ನು ಬಿಗಿ ಮಾಡಿ, ವೈರ್ ಎಂಜಿನ್ನಿಗೆ ಉಜ್ಜದಂತೆ ಕಟ್ಟಿ, ಅದೇ ದಾರಿಯಲ್ಲಿ ಅದೇ ಲೋಡಿಗೆ ಇನ್ನೊಮ್ಮೆ ಓಡಿಸಿ. ಆಗಲೂ ಬಿದ್ದರೆ ಸೆನ್ಸರ್ ಬದಲಿಸಿ.